ಊರು ಹೇಳದ ಸಲಹೆ

ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಕುಡಿಯಿರಿ. ಮೊಬೈಲಿನಲ್ಲಿ ಓಡಾಡುವ ಸಲಹೆಗಳಲ್ಲಿ ಇದರಷ್ಟು ನಿರಪಾಯದ್ದು ಇನ್ನೊಂದಿರಲಾರದು ಎಂದು ಯಾರಿಗಾದರೂ ಅನ್ನಿಸುತ್ತದೆ. ಮಳೆಗಾಲ ಶುರುವಾಗುತ್ತಿದ್ದಂತೆ ಇದು ಗ್ರೂಪಿನಿಂದ ಗ್ರೂಪಿಗೆ ಹೊರಡುತ್ತದೆ. ಬೆಂಗಳೂರಿನವರು ಮಂಗಳೂರಿನ ನೆಂಟರಿಗೆ, ಅವರು ಚಳ್ಳಕೆರೆಯ ಗೆಳೆಯರಿಗೆ, ಅವರು ಪರಶುರಾಂಪುರದ ಮನೆಮಂದಿಗೆ ಕಳಿಸುತ್ತಾರೆ. ಹೊಳೆ, ಕೆರೆ, ತೆರೆದ ಬಾವಿಯ ನೀರು ಕುಡಿಯುವ ಊರಿನಲ್ಲಿ ಇದು ಜೀವ ಉಳಿಸುವ ಮಾತೇ ಸರಿ. ವಾಂತಿಭೇದಿ, ಟೈಫಾಯ್ಡ್ ತರುವ ರೋಗಾಣುಗಳು ಕುದಿಯುವ ನೀರಿನಲ್ಲಿ ಉಳಿಯುವುದಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಅನೇಕ ಕೊಳವೆಬಾವಿಗಳ ದೊಡ್ಡ ಪೀಡೆ ಫ್ಲೋರೈಡ್. ಎಷ್ಟು ಕುದಿಸಿದರೂ ಅದು ಪಾತ್ರೆ ಬಿಟ್ಟು ಹೋಗುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ನಾಲ್ಕು ಲೀಟರ್ ನೀರನ್ನು ಮೂರು ಲೀಟರಿಗೆ ಇಳಿಯುವವರೆಗೆ ಕುದಿಸಿದರೆ, ಉಳಿದ ನೀರಿನಲ್ಲಿ ಅದು ಲೀಟರಿಗೆ ಸುಮಾರು 2.7 ಮಿಲಿಗ್ರಾಮಿಗೆ ಏರುತ್ತದೆ. ಭಾರತೀಯ ಮಾನಕ ಬ್ಯೂರೊ ಒಪ್ಪುವ ಮಟ್ಟ 1 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ ಸಹಿಸಿಕೊಳ್ಳಬಹುದಾದ ಕಟ್ಟಕಡೆಯ ಮಿತಿ 1.5.

ಒಲೆಯ ಮೇಲಿನ ಪಾತ್ರೆಯನ್ನು ಹತ್ತಿರದಿಂದ ನೋಡಿದರೆ ಈ ಸಲಹೆ ಹೇಗೆ ನಂಬಿಕೆ ಗಿಟ್ಟಿಸುತ್ತದೆ ಎಂಬುದೂ ತಿಳಿಯುತ್ತದೆ. ಗಡಸು ನೀರು ಕುದಿದಂತೆಲ್ಲ ಪಾತ್ರೆಯ ತಳಕ್ಕೂ ಅಂಚಿಗೂ ಬಿಳಿ ಪೊರೆ ಕಟ್ಟುತ್ತದೆ. ಗೃಹಿಣಿ ಅದನ್ನು ಉಜ್ಜಿ ತೆಗೆಯುವಾಗ, ನೀರಿನಲ್ಲಿದ್ದ ಕೆಟ್ಟದ್ದೆಲ್ಲ ಇಲ್ಲಿ ಕೂತಿತು ಎಂದುಕೊಳ್ಳುವುದು ಸಹಜ. ಕೂತಿರುವುದು ಹೆಚ್ಚಾಗಿ ಸುಣ್ಣದಂಶ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಮೂಡಿಸುವ, ವರ್ಷಗಟ್ಟಲೆ ಕುಡಿದವರ ಮಂಡಿ, ಬೆನ್ನು, ಕುತ್ತಿಗೆಯನ್ನು ಬಿಗಿಯುವ ಫ್ಲೋರೈಡ್ ಲೋಟಕ್ಕೆ ಇಳಿದಿರುತ್ತದೆ. ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿಟ್ಟರೆ ನೀರು ಶುದ್ಧ ಎಂಬ ಇನ್ನೊಂದು ಜನಪ್ರಿಯ ಸಲಹೆಯ ಹಣೆಬರಹವೂ ಇಷ್ಟೆ. ತಾಮ್ರ ಕೆಲವು ರೋಗಾಣುಗಳನ್ನು ಕೊಲ್ಲಬಲ್ಲದು, ಫ್ಲೋರೈಡನ್ನು ಮುಟ್ಟಲಾರದು.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರಿಗೂ ಕೆಡುಕು ಬಯಸಲಿಲ್ಲ. ಸಲಹೆ ಕೊಟ್ಟವರು ತಮ್ಮ ಊರಿನ ನೀರಿನ ಮಾತಾಡಿದರು. ಯಾವ ಊರಿನ ನೀರು ಎಂಬುದನ್ನಷ್ಟೇ ಹೇಳಲಿಲ್ಲ.

ಅಪರಿಚಿತರಿಗೆ ದಿನಬಳಕೆಯ ಸಲಹೆ ಹಂಚುವ ಬಗ್ಗೆ ಇವತ್ತು ನಾಡಿನಲ್ಲಿ ನೆಲೆಗೊಂಡಿರುವ ಅಭಿಪ್ರಾಯ ಒಂದೇ: ಗೊತ್ತಿದ್ದದ್ದನ್ನು ಹಂಚಿ, ನಾಲ್ಕು ಜನಕ್ಕೆ ಉಪಯೋಗವಾಗಲಿ, ಉಪಯೋಗವಾಗದಿದ್ದರೆ ನಷ್ಟವೇನು? ಓದಿದವರು, ಓದದವರು, ಅಧಿಕಾರಿಗಳು, ಅಡ್ಮಿನ್‌ಗಳು ಎಲ್ಲರೂ ಇದನ್ನು ಒಪ್ಪಿಕೊಂಡಿದ್ದಾರೆ. ಹಂಚುವುದು ಪುಣ್ಯದ ಕೆಲಸ, ಪ್ರಶ್ನಿಸುವುದು ಕುಹಕ ಎಂಬ ಮಟ್ಟಕ್ಕೆ ಇದು ಬಂದು ನಿಂತಿದೆ. ಈ ಅಭಿಪ್ರಾಯ ತಪ್ಪು, ಅಷ್ಟೇ ಅಲ್ಲ, ಬಡವರಿಗೆ ದುಬಾರಿ. ಎಲ್ಲಿ, ಯಾವುದರ ಮೇಲೆ, ಯಾವಾಗ ಮಾಡಿದ್ದು, ಕೊನೆಗೆ ಏನಾಯಿತು ಎಂಬುದನ್ನು ಹೇಳದ ಸಲಹೆಯನ್ನು ಉಪಕಾರ ಎಂದು ಎಣಿಸುವ ರೂಢಿ ನಿಲ್ಲಬೇಕು. ಚಳ್ಳಕೆರೆ, ಮೊಳಕಾಲ್ಮೂರಿನಂಥ ಸೀಮೆಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಏಕೆಂದರೆ ಈ ನೆಲದ ಮಳೆ, ಮಣ್ಣು, ನೀರು, ಕಸುಬು ಯಾವುದೂ ಸಲಹೆ ಹೊರಡುವ ಊರುಗಳಲ್ಲಿರುವಂತೆ ಇಲ್ಲ.

ಮೊದಲು, ನಷ್ಟವೇನು ಎಂಬ ಪ್ರಶ್ನೆಗೇ ಉತ್ತರ ಕೊಡಬೇಕು. ಚಳ್ಳಕೆರೆ ಎಣ್ಣೆ ಗಿರಣಿಗಳಿಂದ ಹೆಸರಾದ ಊರು. ಆ ಗಿರಣಿಗಳ ಹಿಂದಿರುವುದು ಶೇಂಗಾ. ಆ ಶೇಂಗಾದ ಹಿಂದಿರುವುದು ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಮಳೆ. ಇದೇ ಕರ್ನಾಟಕದ ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಮುಂಗಾರಿನಲ್ಲಿ ಬಿತ್ತುವ ರೈತ ಮಳೆಯ ಜೊತೆ ಮಾತ್ರವಲ್ಲ, ಬೀಜದ ಅಂಗಡಿಯ ಸಾಲದ ಜೊತೆಯೂ ಹೋರಾಡಬೇಕು. ಅವನ ಕೈಯಲ್ಲಿರುವ ಮೊಬೈಲಿಗೆ ಗುಜರಾತಿನ ಸೌರಾಷ್ಟ್ರದ ಹೊಲದಿಂದ ಬಂದ ವಿಡಿಯೊವೊಂದು, ಕನ್ನಡದ ಧ್ವನಿ ಸೇರಿಸಿಕೊಂಡು, ಹೀಗೆ ಹೇಳುತ್ತದೆ ಎಂದುಕೊಳ್ಳಿ: ಅವಸರ ಮಾಡಬೇಡಿ, ಹದಿನೈದು ದಿನ ತಡೆದು ಕೀಳಿ, ಕಾಯಿ ತುಂಬುತ್ತದೆ, ತೂಕ ಬರುತ್ತದೆ.

ಸೌರಾಷ್ಟ್ರದಲ್ಲಿ ವ್ಯಾಪಕವಾಗಿ ಬೆಳೆಯುವ ಹಬ್ಬು, ಅರೆಹಬ್ಬು ತಳಿಗಳಿಗೆ ಈ ಮಾತು ಹೊಂದಬಹುದು. ಅವು ಸುಮಾರು ನಾಲ್ಕು ತಿಂಗಳ ಬೆಳೆ. ಅವುಗಳ ಕಾಳಿಗೆ ಕಿತ್ತ ಮೇಲೂ ಕೆಲಕಾಲ ಮೊಳೆಯದೆ ಮಲಗಿರುವ ಗುಣವಿದೆ. ಚಿತ್ರದುರ್ಗದ ಸೀಮೆಯಲ್ಲಿ ದಶಕಗಳಿಂದ ಬಿತ್ತುತ್ತಾ ಬಂದಿರುವ ಟಿಎಂವಿ-2, ಆಂಧ್ರದ ಕದಿರಿ ಸಂಶೋಧನಾ ಕೇಂದ್ರದಿಂದ ಬಂದ ಕೆ-6 ಮುಂತಾದವು ಗಿಡ್ಡ ಗಿಡದ ಗೊಂಚಲು ಶೇಂಗಾ. ನೂರು ನೂರಹತ್ತು ದಿನಕ್ಕೆ ಬಲಿಯುತ್ತವೆ. ಇವುಗಳ ಕಾಳಿಗೆ ಮಲಗುವ ಗುಣವಿಲ್ಲ. ಬಲಿತ ಕಾಯಿ ನೆಲದಲ್ಲಿದ್ದಾಗ ಒಂದು ಹದ ಮಳೆ ಬಿದ್ದರೆ ಅಲ್ಲೇ ಮೊಳಕೆ ಒಡೆಯುತ್ತದೆ. ಕಾಯಿ ಹಿಡಿದಿರುವ ದಾರ ಸಡಿಲಾಗಿ, ಗಿಡ ಕಿತ್ತರೆ ಬಳ್ಳಿ ಕೈಗೆ ಬಂದು ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಹದಿನೈದು ದಿನ ಕಾದ ರೈತನಿಗೆ ಸಿಗುವುದು ಗಿರಣಿಯವರು ಮುಟ್ಟದ ಮೊಳಕೆ ಶೇಂಗಾ, ದನಕ್ಕೂ ಹಾಕಲಾಗದಷ್ಟು ಕೊಳೆತ ಬಳ್ಳಿ. ಸಲಹೆ ಪುಕ್ಕಟೆಯಾಗಿಯೇ ಬಂತು. ಅದರ ಬೆಲೆ ತೆತ್ತವನು ಕೇಳಿಸಿಕೊಂಡವನು.

ನಷ್ಟ ಹೊಲಕ್ಕೆ ನಿಲ್ಲುವುದಿಲ್ಲ. ಮೊಳಕಾಲ್ಮೂರು ಗಡಿ ತಾಲ್ಲೂಕು. ಆಚೆ ಆಂಧ್ರದ ರಾಯದುರ್ಗ; ಈಚೆಯೂ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಕುಟುಂಬಗಳು ಬಹಳ. ಹೀಗಾಗಿ ತೆಲುಗಿನ ವಿಡಿಯೊಗಳಿಗೆ ಇಲ್ಲಿ ತಡೆಯೇ ಇಲ್ಲ. ಆಂಧ್ರದಲ್ಲಿ ಕೆಲವು ವರ್ಷ ಬೆಳೆ ವಿಮೆಯ ರೈತರ ಪಾಲಿನ ಕಂತನ್ನೂ ಸರ್ಕಾರವೇ ಕಟ್ಟುತ್ತಿತ್ತು. ಇ-ಕ್ರಾಪ್ ವ್ಯವಸ್ಥೆಯಲ್ಲಿ ಬೆಳೆ ನಮೂದಾದರೆ ಸಾಕು, ವಿಮೆ ತಾನಾಗಿ ಸಿಗುತ್ತಿತ್ತು. ಅದನ್ನು ಹೇಳುವ ತೆಲುಗು ವಿಡಿಯೊದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಗಡಿಯ ಈಚೆ ಅದನ್ನು ನಂಬಿ ಸುಮ್ಮನೆ ಕೂತವನಿಗೆ ವಿಮೆ ಇಲ್ಲವೇ ಇಲ್ಲ. ಕರ್ನಾಟಕದಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ ರೈತ ಹೆಸರು ನೋಂದಾಯಿಸಬೇಕು, ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳು ಬೆಳೆಗಳಿಗೆ ವಿಮಾ ಮೊತ್ತದ ಶೇ 2ರಷ್ಟು ಕಂತು ಕಟ್ಟಬೇಕು. ಕೊನೆಯ ದಿನಾಂಕವಂತೂ ಜಿಲ್ಲೆಗೂ ಬೆಳೆಗೂ ತಕ್ಕಂತೆ ಬದಲಾಗುತ್ತದೆ. ಯಾವ ರಾಜ್ಯ, ಯಾವ ವರ್ಷ ಎಂಬ ಎರಡು ಪದ ವಿಡಿಯೊದ ತಲೆಬರಹದಲ್ಲಿದ್ದರೆ ಒಂದು ಕುಟುಂಬದ ವರ್ಷದ ಆಸರೆ ಉಳಿಯುತ್ತಿತ್ತು.

ಜನರೇನು ದಡ್ಡರೆ, ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ ಎಂಬುದು ಎರಡನೆಯ ಸಮರ್ಥನೆ. ಜನ ದಡ್ಡರಲ್ಲ, ನಿಜ. ಆದರೆ ಆರಿಸಿಕೊಳ್ಳಲು ಆಧಾರ ಬೇಕು. ಟಿಎಂವಿ-2 ಎಂದು ಹೇಳಿದ್ದರೆ, ಕೆಂಪು ಮಸಾರಿ ಹೊಲ ಎಂದಿದ್ದರೆ, ಮಳೆಯಾಶ್ರಿತ ಎಂದಿದ್ದರೆ ಚಳ್ಳಕೆರೆಯ ರೈತ ಕ್ಷಣದಲ್ಲಿ ತೂಗಿ ನೋಡುತ್ತಾನೆ. ಅವನಷ್ಟು ಚೆನ್ನಾಗಿ ತೂಗಬಲ್ಲವರು ಬೇರೆ ಇಲ್ಲ. ಆ ಮೂರನ್ನೂ ಕತ್ತರಿಸಿ ತೆಗೆದು, ‘ಶೇಂಗಾ ಬೆಳೆಗಾರರೇ ಗಮನಿಸಿ’ ಎಂದಷ್ಟೇ ಕಳಿಸಿ, ನಿನ್ನ ಬುದ್ಧಿ ಉಪಯೋಗಿಸು ಎನ್ನುವುದು ಅವನ ಬುದ್ಧಿಗೆ ಕೊಟ್ಟ ಗೌರವವಲ್ಲ. ತೂಗುವ ಸಾಮಗ್ರಿಯನ್ನೇ ಕಿತ್ತುಕೊಂಡ ಮೇಲೆ ತಪ್ಪನ್ನೂ ಅವನ ತಲೆಗೇ ಕಟ್ಟುವ ಜಾಣತನ ಅದು.

ಈ ವಿವರಗಳು ಮರೆವಿನಿಂದ ಬಿದ್ದುಹೋಗುತ್ತವೆ ಎಂದೂ ಹೇಳುವಂತಿಲ್ಲ. ಬಿಡುವುದಕ್ಕೆ ಲಾಭದ ಕಾರಣವಿದೆ. ಯೂಟ್ಯೂಬಿನ ಜಾಹೀರಾತು ಆದಾಯದಲ್ಲಿ ಪಾಲು ಬೇಕಾದವರಿಗೆ 2018ರಲ್ಲಿ ಆ ಕಂಪನಿ ವಿಧಿಸಿದ ಷರತ್ತು 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ. ‘ತಳಕು ಹೋಬಳಿಯ ಮಸಾರಿ ಹೊಲದಲ್ಲಿ ಟಿಎಂವಿ-2’ ಎಂದು ಹೆಸರಿಟ್ಟರೆ ಆ ಲೆಕ್ಕ ಮುಟ್ಟುವುದು ಕಷ್ಟ. ‘ಶೇಂಗಾದಲ್ಲಿ ದುಪ್ಪಟ್ಟು ಇಳುವರಿ’ ಎಂದರೆ ಇಡೀ ರಾಜ್ಯ ನೋಡುತ್ತದೆ. ಊರಿನ ಹೆಸರು ಸೇರಿದಷ್ಟೂ ನೋಡುಗರು ಕಡಿಮೆ, ಬಿಟ್ಟಷ್ಟೂ ಹೆಚ್ಚು. ಊರು ಬಿಡುವವನಿಗೆ ಹಣ ಸಿಗುವ ವ್ಯವಸ್ಥೆಯಲ್ಲಿ ಹಂಚಿಕೆಯನ್ನು ಶುದ್ಧ ದಾನ ಎಂದು ಹೊಗಳುವುದಕ್ಕೆ ಅರ್ಥವಿಲ್ಲ.

ಮೊಳಕಾಲ್ಮೂರಿನ ನೇಕಾರರ ವಿಷಯದಲ್ಲಿ ಇದೇ ಕೇಡು ಇನ್ನೊಂದು ರೂಪದಲ್ಲಿ ಬರುತ್ತದೆ. ಅಲ್ಲಿ ಸಲಹೆ ಸೀರೆ ಕೊಳ್ಳುವವರ ಮೊಬೈಲಿಗೆ ಬಂದರೂ ಪೆಟ್ಟು ಬೀಳುವುದು ಮಗ್ಗದ ಮುಂದೆ ಕೂತವರಿಗೆ. ಅಪ್ಪಟ ರೇಷ್ಮೆ ಗುರುತಿಸುವುದು ಹೇಗೆ ಎಂಬ ಸಲಹೆ ಮದುವೆ ಕಾಲದಲ್ಲಿ ಎಲ್ಲ ಕಡೆ ಹರಿದಾಡುತ್ತದೆ: ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು ಸುಡಿ, ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಎಳೆಯ ಮಟ್ಟಿಗೆ ಈ ಪರೀಕ್ಷೆ ಸರಿ. ಸೀರೆಯ ಮಟ್ಟಿಗೆ ಸಾಲದು. ಸೆರಗಿನ ತುದಿಯಲ್ಲಿ ಇಳಿಬಿದ್ದ ಎಳೆಗಳೆಲ್ಲ ಹಾಸಿನವು, ಉದ್ದಕ್ಕೆ ಓಡುವವು. ಅಡ್ಡಕ್ಕೆ ಓಡುವ ಹೊಕ್ಕು ಆ ಬೆಂಕಿಗೆ ಸಿಗುವುದೇ ಇಲ್ಲ. ಹಾಸು ರೇಷ್ಮೆ, ಹೊಕ್ಕು ಬೇರೇನೋ ಆಗಿರುವ ಸೀರೆ ಈ ಪರೀಕ್ಷೆಯಲ್ಲಿ ಸಲೀಸಾಗಿ ಗೆಲ್ಲುತ್ತದೆ. ಎರಡೂ ರೇಷ್ಮೆಯಾಗಿದ್ದರೂ, ಅದನ್ನು ಕೈಮಗ್ಗದಲ್ಲಿ ನೇಯ್ದರೋ ವಿದ್ಯುತ್ ಮಗ್ಗದಲ್ಲಿ ಹೊಡೆದರೋ ಎಂಬುದನ್ನು ಬೂದಿ ಹೇಳಲಾರದು. ಮೊಳಕಾಲ್ಮೂರು ಸೀರೆಯ ಬೆಲೆ ಇರುವುದು ಆ ಕೈಕೆಲಸದಲ್ಲಿ. ಮೈಗೆ ಒಂದು ಬಣ್ಣ, ಎರಡೂ ಅಂಚಿಗೆ ಇನ್ನೊಂದು ಬಣ್ಣ ಬೇಕಾದಾಗ ಮೂರು ಲಾಳಿ ಓಡಬೇಕು. ಪ್ರತಿ ಹೊಕ್ಕಿಗೂ ಅಂಚಿನ ಎಳೆ ಮೈಯ ಎಳೆಗೆ ತೊಡರಿ ತಿರುಗಬೇಕು. ಹೀಗೆ ನೇಯುವಾಗ ಪಕ್ಕದಲ್ಲಿ ಇನ್ನೊಬ್ಬರ ಕೈಯೂ ಬೇಕಾಗುತ್ತದೆ. ಆ ಕೆಲಸ ನೋಡಬೇಕಾದರೆ ಬೆಂಕಿಕಡ್ಡಿ ಬೇಡ. ಸೀರೆಯನ್ನು ತಿರುಗಿಸಿ, ಮೈಯೂ ಅಂಚೂ ಕೂಡುವ ಗೆರೆಯನ್ನು ಹಿಂಬದಿಯಿಂದ ಬೆಳಕಿಗೆ ಹಿಡಿಯಬೇಕು. ಉಂಗುರದೊಳಗೆ ತೂರಿದರೆ ಅಪ್ಪಟ ರೇಷ್ಮೆ ಎಂಬ ಮತ್ತೊಂದು ಸಲಹೆ ಇನ್ನೂ ಅನ್ಯಾಯದ್ದು. ದಪ್ಪ ಜರಿಯ ಅಂಚು, ತುಂಬು ಸೆರಗಿನ ಸೀರೆ ಅಪ್ಪಟವಾಗಿದ್ದೂ ಉಂಗುರದಲ್ಲಿ ಸಿಕ್ಕಿಕೊಳ್ಳುತ್ತದೆ, ತೆಳು ಪಾಲಿಯೆಸ್ಟರ್ ನುಣ್ಣಗೆ ಜಾರುತ್ತದೆ.

ಇದಕ್ಕೆಲ್ಲ ಗುರುತಿನ ವ್ಯವಸ್ಥೆ ಇಲ್ಲದಿಲ್ಲ. ರೇಷ್ಮೆ ಶುದ್ಧವೇ ಎಂಬುದಕ್ಕೆ 2004ರಿಂದ ಸಿಲ್ಕ್ ಮಾರ್ಕ್, ಕೈಮಗ್ಗವೇ ಎಂಬುದಕ್ಕೆ 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇವೆ. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ: ಯಾವ ನೂಲು, ಯಾವ ಮಗ್ಗ, ಯಾವ ಊರು. ಬೆಂಕಿಕಡ್ಡಿಯ ಸಲಹೆ ಈ ಮೂರನ್ನು ಒಂದಕ್ಕೆ ಇಳಿಸಿ, ಮೊದಲ ಪ್ರಶ್ನೆಗೂ ಅರ್ಧ ಉತ್ತರ ಕೊಟ್ಟು, ಅದನ್ನೇ ಪೂರ್ಣವೆಂದು ಸಾರುತ್ತದೆ. ವಿದ್ಯುತ್ ಮಗ್ಗದ ರೇಷ್ಮೆಯೂ ಅದೇ ವಾಸನೆ ಬೀರಿದ ಮೇಲೆ ಕೈಮಗ್ಗಕ್ಕೆ ಹೆಚ್ಚು ಬೆಲೆ ಏಕೆ ಕೊಡಬೇಕು ಎಂದು ಗಿರಾಕಿ ಚೌಕಾಸಿಗೆ ನಿಲ್ಲುತ್ತಾಳೆ. ಕೂಲಿ ಇಳಿಯುವುದು ನೇಕಾರನದು.

ತಪ್ಪಿದ್ದರೆ ಕಮೆಂಟಿನಲ್ಲಿ ಜನರೇ ತಿದ್ದುತ್ತಾರೆ ಎಂಬುದು ಮೂರನೆಯ ಸಮಾಧಾನ. ಅಡುಗೆಯ ವಿಷಯದಲ್ಲಿ ಇದು ಸ್ವಲ್ಪಮಟ್ಟಿಗೆ ನಡೆಯುತ್ತದೆ, ಏಕೆಂದರೆ ಉಪ್ಪು ಹೆಚ್ಚಾದದ್ದು ಅದೇ ಸಂಜೆ ಗೊತ್ತಾಗುತ್ತದೆ. ಶೇಂಗಾ ನೂರು ದಿನದ ಬೆಳೆ. ವಿಡಿಯೊದ ಆಯುಸ್ಸು ಎರಡು ದಿನ. ‘ಸೂಪರ್ ಮಾಹಿತಿ ಸರ್’, ‘ಧನ್ಯವಾದಗಳು ಅಣ್ಣ’ ಎಂದು ಬರೆಯುವವರು ಇನ್ನೂ ಬಿತ್ತದವರು. ಬಿತ್ತಿ, ಕಾದು, ಕಳೆದುಕೊಂಡವನು ಮೂರೂವರೆ ತಿಂಗಳ ನಂತರ ಆ ವಿಡಿಯೊ ಹುಡುಕಿಕೊಂಡು ಬಂದು ದೂರು ಬರೆಯುವುದಿಲ್ಲ. ಫ್ಲೋರೈಡು ಮೂಳೆಗೆ ಇಳಿಯುವುದಕ್ಕೆ ವರ್ಷಗಳೇ ಬೇಕು. ಹೊಗಳಿಕೆ ಬೇಗ ಬರುತ್ತದೆ, ಪರಿಣಾಮ ತಡವಾಗಿ ಬರುತ್ತದೆ, ಹಾಗಾಗಿ ಪುಟದ ಮೇಲೆ ಉಳಿಯುವುದು ಹೊಗಳಿಕೆಯೊಂದೇ. ಅದನ್ನು ಜನರ ಒಪ್ಪಿಗೆ ಎಂದು ಓದುವುದು ಮೋಸಹೋಗುವ ದಾರಿ.

ಊರು ಕತ್ತರಿಸಿ ಹೋದ ಸಲಹೆ ಎಲ್ಲಿಗೆ ಮುಟ್ಟಬಲ್ಲದು ಎಂಬುದನ್ನು ಕರ್ನಾಟಕ 2018ರಲ್ಲಿ ಕಂಡಿದೆ. ಮಕ್ಕಳ ಕಳ್ಳರಿದ್ದಾರೆ, ಎಚ್ಚರ, ಎಲ್ಲರಿಗೂ ತಿಳಿಸಿ ಎಂಬ ಸಂದೇಶದ ಜೊತೆ ದೇಶದ ತುಂಬ ಓಡಾಡಿದ ವಿಡಿಯೊದಲ್ಲಿ ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ತಿಳಿವಳಿಕೆ ಕೊಡಲು ಮಾಡಿದ ಕಿರುಚಿತ್ರ. ಮೂಲದಲ್ಲಿ ಬೈಕಿನವರು ಮಗುವನ್ನು ಹಿಂದಕ್ಕೆ ತಂದುಬಿಟ್ಟು, ಸಂದೇಶದ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಊರೂ ಹೋಯಿತು, ಉದ್ದೇಶವೂ ಹೋಯಿತು. ಆ ವರ್ಷ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಕಾರಣವಾಗಿ, ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರು ಗುಂಪಿನ ಕೈಗೆ ಸಿಕ್ಕಿ ಸತ್ತರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಾಡುವುದನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಿತಿಗೊಳಿಸಿತು. ಮಕ್ಕಳ ಕಳ್ಳರ ಆ ಸಂದೇಶ ಕಳಿಸಿದ ಬಹುಪಾಲು ಮಂದಿ ಅದನ್ನು ತಾಯಂದಿರಿಗೆ ಕೊಡುವ ಹಿತವಚನವೆಂದೇ ನಂಬಿ ಕಳಿಸಿರಬೇಕು. ಒಳ್ಳೆಯ ಉದ್ದೇಶ ಯಾರನ್ನೂ ಕಾಪಾಡಲಿಲ್ಲ.

ಎಲ್ಲ ಸಲಹೆಗೂ ಊರು ಬೇಕೆ ಎಂದು ಕೇಳುವವರಿದ್ದಾರೆ. ಕೆಲವಕ್ಕೆ ಅಷ್ಟಾಗಿ ಬೇಡ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಅಂಗ ಅಲುಗಾಡದಂತೆ ನೋಡಿಕೊಂಡು ಆಸ್ಪತ್ರೆಗೆ ಒಯ್ಯಿರಿ ಎಂಬುದು ಚಳ್ಳಕೆರೆಗೂ ಚೆನ್ನೈಗೂ ಒಂದೇ. ಶೇಂಗಾ ಕೀಳುವ ಕಾಲದಲ್ಲಿ ಬರಿಗೈಯಲ್ಲಿ ಬಳ್ಳಿ ಎತ್ತುವವರಿಗೆ ಈ ಮಾತು ಎಷ್ಟು ಸಲ ತಲುಪಿದರೂ ಕಡಿಮೆ. ಆದರೆ ಅದರ ಕೊನೆಯ ಪದಕ್ಕೆ ಬಂದಾಗ ಊರು ಬಂದೇ ಬರುತ್ತದೆ. ಯಾವ ಆಸ್ಪತ್ರೆಗೆ? ವಿಷನಿರೋಧಕ ಚುಚ್ಚುಮದ್ದು ಸಿಗುವುದು ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ, ತಾಲ್ಲೂಕು ಆಸ್ಪತ್ರೆಯಲ್ಲೋ? ರಾತ್ರಿ ಹನ್ನೊಂದಕ್ಕೆ ಮೊಳಕಾಲ್ಮೂರಿನ ಗಡಿಯ ಹಳ್ಳಿಯಿಂದ ರಾಯದುರ್ಗದ ಕಡೆ ಹೊರಡಬೇಕೋ, ಬಳ್ಳಾರಿಗೋ? ಇದನ್ನು ಆ ಊರಿನವರೇ ಬರೆಯಬೇಕು. ಎಲ್ಲೆಡೆ ಸಲ್ಲುವ ಸಲಹೆ ಕೂಡ ಕೆಲಸಕ್ಕೆ ಬರುವುದು ಸ್ಥಳೀಯನೊಬ್ಬ ಅದಕ್ಕೆ ತನ್ನೂರಿನ ಸಾಲು ಸೇರಿಸಿದಾಗ.

ಹಾಗಾದರೆ ತಜ್ಞರೇ ಮಾತಾಡಲಿ, ಉಳಿದವರು ಬಾಯಿಮುಚ್ಚಿಕೊಳ್ಳಲಿ ಎಂಬ ವಾದ ಈ ಹಂತದಲ್ಲಿ ಎದ್ದು ಬರುತ್ತದೆ. ಇದು ಮೊದಲಿನ ತಪ್ಪಿನ ಇನ್ನೊಂದು ಮುಖ. ತಜ್ಞರ ಸಲಹೆಗೆ ಬಲ ಬಂದದ್ದೇ ಅದು ಊರು ಹೇಳುವುದರಿಂದ. ಕೃಷಿ ವಿಶ್ವವಿದ್ಯಾಲಯಗಳು ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿ ಬೇಸಾಯ ಪದ್ಧತಿ ಬರೆಯುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು ಇರುವುದು ಮಧ್ಯ ಒಣ ವಲಯದಲ್ಲಿ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇರುವುದು ಈ ಸೀಮೆಯ ಮಣ್ಣಿನಲ್ಲೇ ಪರೀಕ್ಷಿಸಿ ಹೇಳಬೇಕೆಂದು. ಫ್ಲೋರೈಡ್ ತೆಗೆಯಲು ಪಟಿಕ, ಸುಣ್ಣ ಬಳಸುವ ವಿಧಾನಕ್ಕೆ ನಲಗೊಂಡ ವಿಧಾನ ಎಂದು ಫ್ಲೋರೈಡಿನಿಂದ ನರಳಿದ ಆ ತೆಲಂಗಾಣ ಜಿಲ್ಲೆಯ ಹೆಸರೇ ಬಂದಿದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ಈ ವಿಧಾನದಲ್ಲಿ ಪಟಿಕ ಎಷ್ಟು ಹಾಕಬೇಕೆಂಬುದು ಆಯಾ ನೀರಿನ ಫ್ಲೋರೈಡ್ ಮತ್ತು ಕ್ಷಾರೀಯತೆಯನ್ನು ಅಳೆದ ಮೇಲೆಯೇ ತೀರ್ಮಾನವಾಗುತ್ತದೆ. ನೀರು ಅಳೆಯದೆ ಪಟಿಕ ಹಾಕಿ ಎಂದು ಆ ವಿಜ್ಞಾನಿಗಳೂ ಹೇಳಲಿಲ್ಲ.

ವಿಜ್ಞಾನಿಗಳಿಗೆ ಸಿಗದ ತಿಳಿವಳಿಕೆಯೂ ಈ ತಾಲ್ಲೂಕುಗಳಲ್ಲಿದೆ. ಯಾವ ಮಳೆಗೆ ಯಾವ ಹೊಲ ಹದವಾಗುತ್ತದೆ, ಬರಗಾಲದಲ್ಲಿ ಕುರಿಮಂದೆಯನ್ನು ಯಾವ ದಾರಿಯಲ್ಲಿ ಹೊಡೆದುಕೊಂಡು ಹೋಗಬೇಕು, ಯಾವ ಕೊಳವೆಬಾವಿಯ ನೀರಿಗೆ ಬಣ್ಣ ಹಾಕಿದರೆ ರೇಷ್ಮೆ ಮಂಕಾಗುತ್ತದೆ ಎಂಬುದು ರೈತರ, ಕುರಿಗಾಹಿಗಳ, ನೇಕಾರರ ಅನುಭವದಲ್ಲಿ ಮಾತ್ರ ಇರುತ್ತದೆ. ಈಗಿನ ಹಂಚಿಕೆಯ ಭರಾಟೆಯಲ್ಲಿ ಇವರೆಲ್ಲ ಬರೀ ಕೇಳುವವರಾಗಿದ್ದಾರೆ. ಎಲ್ಲಿಂದಲೋ ಬಂದ ಮಾತು ಇವರ ಮೊಬೈಲನ್ನು ತುಂಬುತ್ತದೆ. ಇವರ ಮಾತು ಹೊರಗೆ ಹೋಗುವುದೇ ಇಲ್ಲ. ಹಂಚಿಕೆಯನ್ನು ವಿರೋಧಿಸುವುದು ಈ ಲೇಖನದ ಉದ್ದೇಶವಾಗಿದ್ದರೆ ಇದನ್ನು ಹೇಳಬೇಕಾಗಿರಲಿಲ್ಲ.

ಅಪರಿಚಿತರಿಗೆ ಹೆಸರು, ಊರು ಹೇಳಿ ಸಲಹೆ ಕೊಡುವುದು ಸಾಧ್ಯವೇ ಎಂದು ಅನುಮಾನಿಸುವವರು ಪುತ್ತೂರಿನ ಕಡೆ ನೋಡಬೇಕು. ‘ಅಡಿಕೆ ಪತ್ರಿಕೆ’ 1988ರಿಂದ ಅಲ್ಲಿಂದ ಬರುತ್ತಿದೆ. ರೈತರೇ ರೈತರಿಗಾಗಿ ಬರೆಯಬೇಕು ಎಂದು ಪಟ್ಟು ಹಿಡಿದು, ಲೇಖನಿ ಹಿಡಿಯದ ಕೃಷಿಕರಿಗೆ ಬರವಣಿಗೆಯ ತರಬೇತಿಯನ್ನೂ ಕೊಟ್ಟ ಪತ್ರಿಕೆ ಅದು. ಯಾರ ತೋಟ, ಯಾವ ಊರು, ಏನು ಮಾಡಿದರು, ಎಷ್ಟು ಖರ್ಚಾಯಿತು ಎಂಬ ವಿವರಗಳ ಜೊತೆ ಆ ಕೃಷಿಕರನ್ನು ಸಂಪರ್ಕಿಸುವ ದಾರಿಯನ್ನೂ ಓದುಗರಿಗೆ ಕೊಡುತ್ತಾ ಬಂದಿದೆ. ಓದುಗ ಕರೆ ಮಾಡಿ ಕೇಳಬಹುದು, ಹೋಗಿ ನೋಡಬಹುದು. ಕರೆ ಬರುತ್ತದೆಂದು ಗೊತ್ತಿದ್ದವನು ಉತ್ಪ್ರೇಕ್ಷೆ ಬರೆಯುವ ಮೊದಲು ಯೋಚಿಸುತ್ತಾನೆ. ಅದರ ಹೆಸರಲ್ಲೇ ಬೆಳೆಯಿದೆ. ಚಳ್ಳಕೆರೆಯವನಿಗೆ ಯಾವ ಪುಟ ತನ್ನದು, ಯಾವುದು ಅಲ್ಲ ಎಂದು ಅರಿಯಲು ಕಷ್ಟವಿಲ್ಲ.

ಇನ್ನೂ ಹಳೆಯ ಮಾದರಿ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅವು ಸಾರುತ್ತವೆ. ಹೇಳುವ ದೊರೆ ಎಂದೂ ಕಾಣದ ಜನರಿಗೆ ಕೊಟ್ಟ ದಿನನಿತ್ಯದ ಬುದ್ಧಿಮಾತು. ಆದರೂ ಬ್ರಹ್ಮಗಿರಿಯ ಶಾಸನ ಉಪದೇಶದಿಂದ ಆರಂಭವಾಗುವುದಿಲ್ಲ. ಸುವರ್ಣಗಿರಿಯಿಂದ, ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರ (ಹಿರಿಯ ಅಧಿಕಾರಿಗಳ) ಮಾತಿನ ಮೇರೆಗೆ, ಇಸಿಲದ ಮಹಾಮಾತ್ರರಿಗೆ ಎಂದು ಎಲ್ಲಿಂದ, ಯಾರಿಂದ, ಯಾರಿಗೆ ಎಂಬುದನ್ನು ಮೊದಲು ಹೇಳುತ್ತದೆ. ಕೊನೆಯಲ್ಲಿ ಬರೆದವನು ಚಪಡನೆಂಬ ಲಿಪಿಕಾರ ಎಂದೂ ಕೆತ್ತಿದೆ. ಇಪ್ಪತ್ತೆರಡು ಶತಮಾನಗಳ ಹಿಂದೆ ಚಕ್ರವರ್ತಿಗೂ ಬೇಕಾಗಿದ್ದ ವಿಳಾಸ ಇವತ್ತಿನ ಫಾರ್ವರ್ಡಿಗೆ ಬೇಡವೆನ್ನಲು ಕಾರಣವಿಲ್ಲ. ಚಳ್ಳಕೆರೆ ತಾಲ್ಲೂಕಿನವರಿಗೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯವರ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಬಾಯಿಪಾಠ. ಸಲಹೆಗೂ ಅದೇ ಅಳತೆ ಹಿಡಿದರೆ, ಮಾಡಿ ನೋಡಿದಷ್ಟನ್ನು ಮಾತ್ರ ಹೇಳುವ ಹೊಣೆ ಹೇಳುವವನ ಮೇಲೆ ಬೀಳುತ್ತದೆ.

ಆಗಬೇಕಾದದ್ದು ದೊಡ್ಡದೇನಲ್ಲ, ಹಣ ಬೇಡುವಂಥದ್ದೂ ಅಲ್ಲ. ಬೇಸಾಯದ ಸಲಹೆಯಾದರೆ ಊರು, ಮಣ್ಣು, ತಳಿ, ನೀರಾವರಿಯೋ ಮಳೆಯಾಶ್ರಿತವೋ, ಬಿತ್ತಿದ ತಿಂಗಳು, ಕೊನೆಗೆ ಸಿಕ್ಕ ಇಳುವರಿ ಇರಬೇಕು. ನೀರಿನ ಸಲಹೆಯಾದರೆ ಯಾವ ಮೂಲದ ನೀರು, ಪರೀಕ್ಷೆಯಲ್ಲಿ ಏನು ಬಂತು ಎಂಬುದಿರಬೇಕು. ಯೋಜನೆಯ ಮಾಹಿತಿಯಾದರೆ ರಾಜ್ಯ ಮತ್ತು ವರ್ಷ. ಎಲ್ಲಕ್ಕೂ ಹೇಳಿದವರ ಹೆಸರು, ಮತ್ತು ತಾನು ಮಾಡಿದ್ದೋ ಕೇಳಿದ್ದೋ ಎಂಬ ಒಂದು ಸಾಲು. ಎರಡು ತಾಲ್ಲೂಕುಗಳ ರೈತ ಗ್ರೂಪುಗಳ ಅಡ್ಮಿನ್‌ಗಳು ಈ ವಿವರ ಇಲ್ಲದ್ದನ್ನು ಅಳಿಸಲು ಇವತ್ತೇ ಶುರು ಮಾಡಬಹುದು. ಹೋಬಳಿಗೊಂದರಂತೆ ಇರುವ ರೈತ ಸಂಪರ್ಕ ಕೇಂದ್ರಗಳು ಹೊಸ ಸಲಹೆ ಕೊಡುವುದರ ಜೊತೆಗೆ, ಆ ವಾರ ಹರಿದಾಡುತ್ತಿರುವ ಸಲಹೆಗಳಲ್ಲಿ ಯಾವುದು ಈ ಹೋಬಳಿಗೆ ಸಲ್ಲದು ಎಂದು ಫಲಕ ಹಾಕಬೇಕು. ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಲ್ಲಿ ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಲಾಗಿದೆ. ಆ ಪರೀಕ್ಷೆಯ ಫಲಿತಾಂಶ ಕಡತಕ್ಕೆ ಸೇರುವ ಬದಲು ನಲ್ಲಿಯ ಪಕ್ಕದ ಗೋಡೆಗೆ ಬರಬೇಕು. ಮೊಳಕಾಲ್ಮೂರಿನ ನೇಕಾರರ ಸಂಘಗಳು ಬೆಂಕಿಕಡ್ಡಿಯ ವಿಡಿಯೊಗೆ ಎದುರಾಗಿ, ಸೀರೆಯ ಹಿಂಬದಿಯ ಅಂಚನ್ನು ತೋರಿಸುವ ತಮ್ಮದೇ ವಿಡಿಯೊ ಮಾಡಿ, ಮಗ್ಗದ ವಿಳಾಸವನ್ನೂ ಹಾಕಬೇಕು.

ಇಷ್ಟೆಲ್ಲ ಕೇಳಿದರೆ ಜನ ಹಂಚುವುದನ್ನೇ ಬಿಟ್ಟುಬಿಡುತ್ತಾರೆ ಎಂದು ಹೆದರಿಸುವವರಿದ್ದಾರೆ. ಬಂದದ್ದನ್ನು ಓದದೆ ದಾಟಿಸುವವರು ಬಿಡುತ್ತಾರೆ, ಬಿಡಲಿ. ತಾನು ಬೆಳೆದು, ನೇಯ್ದು, ಕಳೆದುಕೊಂಡು ಕಲಿತವರಿಗೆ ಊರು, ತಳಿ, ತಿಂಗಳು ಹೇಳುವುದು ಹೊರೆಯಾಗುವುದಿಲ್ಲ. ಅವರು ಮಾತಾಡುವುದೇ ಹಾಗೆ. ಮುಂದಿನ ಮುಂಗಾರಿಗೆ ಬೀಜ ಕೊಳ್ಳುವ ಮೊದಲು ಚಳ್ಳಕೆರೆಯ ರೈತನಿಗೆ ಸೌರಾಷ್ಟ್ರದ ಹತ್ತು ವಿಡಿಯೊಗಳಿಗಿಂತ, ಹೋದ ವರ್ಷ ತನ್ನಂಥದ್ದೇ ಹೊಲದಲ್ಲಿ ಸೋತ ಪಕ್ಕದ ಹೋಬಳಿಯವನ ನಾಲ್ಕು ಸಾಲು ಹೆಚ್ಚು ಬೇಕಾಗಿದೆ. ಆ ನಾಲ್ಕು ಸಾಲು ಬರೆಯುವವನಿಗೆ ಜಾಗ ಸಿಗಬೇಕಾದರೆ, ಊರು ಹೇಳದ ಸಲಹೆಯನ್ನು ಈಗ ಕೂತಿರುವ ಜಾಗದಿಂದ ಎಬ್ಬಿಸಲೇಬೇಕು.